ಕಪಾಟಿನ ಬೀಗ ತೆಗೆಯುವವರು ಯಾರು?
ಶಿಕ್ಷಣ ನೀತಿ ಬರೆಯುವಾಗ ಶಾಲಾ ಲೈಬ್ರರಿಯನ್‌ಗಳನ್ನೂ ಕೇಳಬೇಕು ಅಂತ ನಾನು ಓದಿದ ಒಂದು ಲೇಖನ ಹೇಳುತ್ತದೆ, ಅದು ಸರಿಯಾಗಿಯೇ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಾಲಾ ಗ್ರಂಥಾಲಯಗಳನ್ನು ಹೆಚ್ಚಿಸಬೇಕು, ಸ್ಥಳೀಯ ಭಾಷೆಗಳಲ್ಲಿ ಮಕ್ಕಳ ಪುಸ್ತಕ ಬರಬೇಕು, ಶಾಲೆ ಬಿಟ್ಟ ಮೇಲೂ ಊರಿನವರು ಅಲ್ಲಿಗೆ ಬಂದು ಓದುವಂತಿರಬೇಕು ಅನ್ನುತ್ತದೆ. ಓದೋಕೆ ಚೆಂದ. ಆದರೆ ಬಾಗಿಲು ತೆಗೆಯುವವರು ಯಾರು?

ನಾನು ಮುಂಬೈಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು. ನಮ್ಮ ಲೈಬ್ರರಿ ಅಂದ್ರೆ ಹೆಡ್‌ಮಾಸ್ಟರ್ ಕೋಣೆಯ ಒಂದು ಕಬ್ಬಿಣದ ಕಪಾಟು, ಕೀಲಿ ಪಿಟಿ ಮೇಷ್ಟ್ರ ಜೇಬಿನಲ್ಲಿ (ಅವರು ಸಿಕ್ಕಿದರೆ ತಾನೇ!), ಮಳೆಗಾಲ ಮುಗಿಯುವಷ್ಟರಲ್ಲಿ ಅರ್ಧ ಪುಸ್ತಕಕ್ಕೆ ಬೂಷ್ಟು. ಇಲ್ಲಿ ಕನ್ನಡ ಪುಸ್ತಕ ಸಿಗೋದೇ ಕಷ್ಟ, ಇರುವುದೂ ಹೀಗಾದರೆ? ಯಾವ ಹುಡುಗಿ ಯಾವ ಪುಸ್ತಕ ವಾಪಸ್ ಕೊಡೋಕೆ ಸತಾಯಿಸುತ್ತಾಳೆ ಅನ್ನೋದು ಲೈಬ್ರರಿಯನ್‌ಗೆ ಗೊತ್ತಿರುತ್ತದೆ, ದಿಲ್ಲಿಯಲ್ಲಿ ಕೂತವರಿಗಲ್ಲ, ಅಲ್ವಾ?