ನಾಲ್ಕು ಟೈರು, ಒಂದು ಛತ್ರಿ

ನಮ್ಮ ಮಂಗಳೂರಲ್ಲಿ ಈಗ ಎಲ್ಲರೂ ಎತ್ತರದ ಗಾಡಿಯವರೇ. ಕಂಕನಾಡಿಗೆ ಮೀನು ತರಲು ಹೋಗುವವರಿಗೂ ಗುಡ್ಡ ಹತ್ತುವ ಗಾಡಿ ಬೇಕು. ಇರಲಿ, ಅವರ ದುಡ್ಡು, ಅವರ ಇಎಂಐ. ಆದರೆ ಇದರಿಂದ ಆಗಿರುವ ಅನ್ಯಾಯ ಏನಂದ್ರೆ, ನನ್ನಂಥ ಸ್ಪೋರ್ಟ್ಸ್ ಸೆಡಾನಿನವರಿಗೆ ಟೈರೇ ಸಿಗುವುದಿಲ್ಲ. 225/45 ಆರ್17 ಅಂತ ಕೇಳಿ ನೋಡಿ, ಬಿಜೈಯಿಂದ ಪಂಪ್‌ವೆಲ್‌ವರೆಗೆ ಒಂದೇ ಉತ್ತರ: "ಅದು ಸ್ಟಾಕ್ ಇಲ್ಲ ಸಾ. ಆ ಸೈಜ್ ಈಗ ಯಾರೂ ಹಾಕುದಿಲ್ಲ."

ಯಾರೂ ಹಾಕುವುದಿಲ್ಲ ಅಂದ್ರೆ? ಹಾಗಾದ್ರೆ ಹೊರಗೆ ನಿಂತಿರುವ ನನ್ನ ಕಾರು ಬರಿಗಾಲಲ್ಲಿ ಬಂದದ್ದಾ?

ಒಬ್ಬ ಮಾತ್ರ ಉದಾರಿ. "225/50 ಉಂಟು, ಹಾಕಿಕೊಡ್ಲಾ? ಐದೇ ಅಲ್ವಾ ವ್ಯತ್ಯಾಸ" ಅಂದ. ಈ ಐದಕ್ಕೇ ನನಗೆ ಉರಿದದ್ದು. ಅದು ಐದು ಮಿಲಿಮೀಟರ್ ಅಲ್ಲ ಮಾರಾಯ್ರೆ. ಟೈರಿನ ಅಗಲ 225 ಮಿ.ಮೀ., ಅದರ ನೂರಕ್ಕೆ 45 ಪಾಲು ಟೈರಿನ ಗೋಡೆಯ ಎತ್ತರ, ಕೊನೆಯ 17 ಅಂದ್ರೆ ಒಳಗಿನ ರಿಮ್ಮಿನ ಇಂಚು. ಅದನ್ನು 50 ಮಾಡಿದರೆ ಇಡೀ ಚಕ್ರ 22 ಮಿ.ಮೀ.ಗಿಂತ ಜಾಸ್ತಿ ದೊಡ್ಡದಾಗುತ್ತದೆ. ಸ್ಪೀಡೋಮೀಟರ್ 100 ತೋರಿಸುವಾಗ ಚಕ್ರ ಮೊದಲಿಗಿಂತ ಗಂಟೆಗೆ ಮೂರೂವರೆ ಕಿ.ಮೀ. ಜಾಸ್ತಿ ಓಡುತ್ತಿರುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಒಳಗೆಲ್ಲೋ ಕರಕರ ಅಂತ ಉಜ್ಜಿದರೂ ಉಜ್ಜಿತು. ಇದನ್ನೆಲ್ಲ ಹೇಳಿದೆ. ಅವನು ಬಹಳ ಶ್ರದ್ಧೆಯಿಂದ ಕೇಳಿಸಿಕೊಂಡು, "ಹಾಗಾದ್ರೆ ಐದೇ ಅಲ್ವಾ" ಅಂದ.

ಇಷ್ಟು ಸಾಲದು ಅಂತ ನನ್ನ ಜೊತೆ ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯವರು ಬಂದಿದ್ದರು. ಬ್ಯಾಂಕಿನಿಂದ ನಿವೃತ್ತರು. ಈ ಜಿಲ್ಲೆಯಲ್ಲಿ ಬ್ಯಾಂಕಿನಿಂದ ನಿವೃತ್ತರಾಗದವರು ಕಮ್ಮಿ ಬಿಡಿ. ಇವರದ್ದೊಂದು ಅಭ್ಯಾಸ: ಯಾವ ಗಾಡಿಯ ಟೈರ್ ಕಂಡರೂ ಛತ್ರಿಯ ತುದಿಯಿಂದ ಕುಕ್ಕುತ್ತಾರೆ. ಉದ್ದ ಹಿಡಿಕೆಯ ಕಪ್ಪು ಛತ್ರಿ, ತುದಿಗೆ ಸ್ಟೀಲಿನ ಟೋಪಿ. ಒಮ್ಮೆ ಕುಕ್ಕಿ, ತಲೆ ಓರೆ ಮಾಡಿ, ಶಬ್ದ ಕೇಳಿ, "ಗಾಳಿ ಕಮ್ಮಿ" ಅನ್ನುತ್ತಾರೆ. ಯಾವತ್ತೂ "ಸರಿ ಉಂಟು" ಅಂದದ್ದೇ ಇಲ್ಲ. ನಾನು ಗಾಳಿ ಹಾಕಿಸಿ ನೇರ ಅವರ ಎದುರೇ ತಂದು ನಿಲ್ಲಿಸಿದ್ದೇನೆ. ಆಗ "ಗಾಳಿ ಜಾಸ್ತಿ" ಅಂದರು.

ಅಂಗಡಿಗೆ ಹೊಕ್ಕಿದ್ದೇ ತಡ, ಅವರು ಕೆಲಸ ಶುರು ಮಾಡಿದರು. ಗೋಡೆಗೆ ಜೋಡಿಸಿಟ್ಟ ಟೈರುಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ಕುಕ್ಕುತ್ತಾ ಹೋದರು. ರಿಮ್ಮೂ ಇಲ್ಲ, ಗಾಳಿಯೂ ಇಲ್ಲ, ಆದರೂ ಕುಕ್ಕು. ಛತ್ರಿಯಿಂದ ಮಳೆನೀರು ತೊಟ್ಟಿಕ್ಕಿ, ಆಗಷ್ಟೇ ಒರೆಸಿದ ನೆಲದಲ್ಲಿ ಒಂದು ಸಾಲು. ಅಂಗಡಿಯ ಹುಡುಗ ಹಿಂದಿನಿಂದ ಬಟ್ಟೆ ಹಿಡಿದು ಒರೆಸುತ್ತಾ ಬಂದ. ಕೊನೆಗೆ ಇವರು ಮಂಡಿಯೂರಿ ಕೂತು, ಮೊಬೈಲಿನ ಟಾರ್ಚ್ ಹಾಕಿ, ಟೈರಿನ ಮೈಮೇಲಿನ ನಾಲ್ಕು ಅಂಕಿ ಓದಲು ಶುರು. ಮೊದಲೆರಡು ಟೈರ್ ತಯಾರಾದ ವಾರ, ಕೊನೆಯೆರಡು ವರ್ಷ. "2319. ಇದು 2019ರ ಇಪ್ಪತ್ತಮೂರನೇ ವಾರದ್ದು. ಇದಕ್ಕೆ ಬಡ್ಡಿ ಎಷ್ಟಾಯ್ತು ಮಾರಾಯ?" ಅಂತ ಅಷ್ಟು ಜೋರಾಗಿ ಕೇಳಿದರು ಅಂದ್ರೆ, ಆಗ ತಾನೇ ಒಳಗೆ ಬಂದ ಗಿರಾಕಿ ಹಾಗೇ ಹೊರಗೆ ಹೋದ. ಅಂಗಡಿಯವನು ನನ್ನನ್ನೇ ನೋಡಿದ. ಕರೆದುಕೊಂಡು ಬಂದದ್ದು ನಾನು ಅನ್ನುವ ಹಾಗೆ. ನಾನು ಕರೆದದ್ದಲ್ಲ, ಅವರೇ ಮುಂದಿನ ಸೀಟಿನಲ್ಲಿ ಬಂದು ಕೂತದ್ದು!

ಆಲ್ ಸೀಸನ್ ಟೈರ್ ಉಂಟಾ ಅಂತ ನಾನು ಕೇಳಿದಾಗ ಮೂರನೇ ಮಹಡಿಯವರೇ ಮಧ್ಯೆ ಬಾಯಿ ಹಾಕಿದರು. "ನಮಗೆ ಎಂತಕ್ಕೆ ಎಲ್ಲ ಸೀಸನ್? ಇರುವುದೇ ಎರಡು. ಒಂದು ಮಳೆ, ಇನ್ನೊಂದು ಬೆವರು." ಸಿಟ್ಟು ಬಂತು, ಆದರೆ ಮಾತು ಸರಿಯೇ. ಆ ಟೈರಿನ ರಬ್ಬರು ಚಳಿಗೆ ಗಟ್ಟಿಯಾಗದ ಹಾಗೆ ಮಾಡಿದ್ದು, ಕೆಲವದರ ಮೇಲೆ ಬೆಟ್ಟ, ಹಿಮದ ಹೂವು ಕೂಡ ಅಚ್ಚು ಹಾಕಿರುತ್ತಾರೆ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗೂ ಜಾಸ್ತಿ ಮಳೆ ಸುರಿಯುವ ಮಂಗಳೂರಲ್ಲಿ ಹಿಮ ಸಿಗುವುದು ಐಸ್‌ಕ್ರೀಂ ಅಂಗಡಿಯ ಫ್ರೀಜರಿನಲ್ಲಿ ಮಾತ್ರ. ನಮಗೆ ಬೇಕಾದದ್ದು ನೀರು ಹೊರಹಾಕುವ ಆಳದ ಗೆರೆ. ಕೊಟ್ಟಾರ ಚೌಕಿಯಲ್ಲಿ ನಿಂತ ನೀರಿಗೆ ಟೈರ್ ಅಗಲ ಜಾಸ್ತಿಯಾದಷ್ಟೂ ತೇಲುವ ಹೆದರಿಕೆ ಜಾಸ್ತಿ. ಹಾಗಾಗಿ "235 ಹಾಕಿ ಸಾ, ಲುಕ್ ಬರ್ತದೆ" ಅಂದವರಿಗೆ ನಾನು ನಮಸ್ಕಾರ ಹೇಳಿದೆ.

ಅಪ್ಪನ ಅಂಬಾಸಿಡರಿಗೆ ಈ ತಲೆಬಿಸಿ ಇರಲಿಲ್ಲ. 5.90-15 ಅಂತ ಬರೆದಿರುತ್ತಿತ್ತು, ಓದಿದವರು ಯಾರು? ಅಂಗಡಿಗೆ ಹೋಗಿ "ಅಂಬಾಸಿಡರಿಗೆ ಒಂದು ಜೊತೆ" ಅಂದರೆ ಆಯ್ತು. ಸವೆದರೆ ರೀಸೋಲ್, ಅದೂ ಸವೆದರೆ ಮಲ್ಪೆಯ ಬೋಟಿನ ಪಕ್ಕಕ್ಕೆ. ಹೊಸ ಟೈರ್ ತಂದ ದಿನ ಡಿಕ್ಕಿ ತೆರೆದರೆ ಬರುತ್ತಿದ್ದ ಆ ರಬ್ಬರಿನ ವಾಸನೆಗೆ ನಾವು ಮಕ್ಕಳೆಲ್ಲ ಮೂಗು ಒಡ್ಡುತ್ತಿದ್ದೆವು. ಅಪ್ಪ ಬೈಯುತ್ತಿರಲಿಲ್ಲ, ಅವರೂ ಒಮ್ಮೆ ಬಗ್ಗಿ ಮೂಸುತ್ತಿದ್ದರು.

ನನ್ನ ಡಿಕ್ಕಿಯ ಕಥೆ ಬೇರೆ. ಒದ್ದೆ ಛತ್ರಿ ಇಡಲು ಜಾಗ ಹುಡುಕುತ್ತಾ ಮೂರನೇ ಮಹಡಿಯವರು ಮ್ಯಾಟ್ ಎತ್ತಿದರು. ಕೆಳಗಿನ ಸ್ಟೆಪ್ನಿಯನ್ನು ಅಭ್ಯಾಸದಂತೆ ಕುಕ್ಕಿದರು. ಕುಕ್ಕಿದವರು ಓದಿದರು: 205/55 ಆರ್16. "ನೋಡಿ, ಕಂಪನಿಯವರೇ ಬೇರೆ ಸೈಜ್ ಇಟ್ಟಿದ್ದಾರೆ!" ಬಿಲ್ಲಿನ ಹಿಂದೆ ಲೆಕ್ಕ ಹಾಕಿದರು. ಇಡೀ ಚಕ್ರದ ವ್ಯತ್ಯಾಸ ಎರಡೂವರೆ ಮಿ.ಮೀ. ಕೂಡ ಇಲ್ಲ. ಟೈರಿನ ಗೋಡೆ ಮಾತ್ರ ಒಂದು ಸೆಂಟಿಮೀಟರಿಗೂ ಜಾಸ್ತಿ ಎತ್ತರ, ನಂತೂರಿನ ಹೊಂಡಕ್ಕೆ ಹೇಳಿ ಮಾಡಿಸಿದ್ದು. ಆ ಟೈರು ಎಲ್ಲ ಅಂಗಡಿಯಲ್ಲೂ ಉಂಟು. ಆದರೆ ಅದಕ್ಕೆ ನಾಲ್ಕು ಹೊಸ ರಿಮ್ ಬೇಕು, ಅದೂ ಮುಂದಿನ ಬ್ರೇಕಿಗೆ ತಾಗದಂಥದ್ದು. ದುಡ್ಡು ಹೇಳಿದಾಗ ಅವರೇ ಛತ್ರಿ ಮಡಚಿಕೊಂಡರು.

ಕಡೆಗೆ ಹಳೇ ಸೈಜಿಗೇ ಮುಂಗಡ ಕೊಟ್ಟೆ. ಟೈರು ಬೆಂಗಳೂರಿನಿಂದ ಹೊರಟಿದೆಯಂತೆ. ಶಿರಾಡಿಯಲ್ಲಿ ಗುಡ್ಡ ಜರಿದಿದೆ. ಚಾರ್ಮಾಡಿಯಲ್ಲಿ ದೊಡ್ಡ ಲಾರಿ ಬಿಡುವುದಿಲ್ಲ. ನನ್ನ ನಾಲ್ಕು ಟೈರು ಘಟ್ಟದ ಮೇಲೆ ಚಳಿಯಲ್ಲಿ ಕೂತಿವೆ, ಹಳೆಯವು ಕೆಳಗೆ ಗೆರೆ ಸವೆದು, ಇರಲೇಬೇಕಾದ 1.6 ಮಿ.ಮೀ. ಆಳದ ಗಡಿಗೆ ಬಂದು ನಿಂತಿವೆ. ಇವತ್ತು ಬೆಳಿಗ್ಗೆ ಅಂಗಡಿಯವನದ್ದೇ ಫೋನ್.

"ಸಾ, ರೋಡ್ ಓಪನ್ ಆಗ್ಲಿಕ್ಕೆ ಟೈಮ್ ಉಂಟಂತೆ. ಅಲ್ಲಿವರೆಗೆ ಬೇಕಾದ್ರೆ ಆ 225/50..."