ಮೂರು ಗಂಟೆಯ ತಾಳಮದ್ದಲೆಗೆ ಆರು ಗಂಟೆಯ ಲೆಕ್ಕ

ಫೈಲ್ ಹಾಳಾಗಿಲ್ಲ. ಇನ್ನೊಂದು ಸಲ ಹೇಳುತ್ತೇನೆ, ಫೈಲ್ ಹಾಳಾಗಿಲ್ಲ. ದಯವಿಟ್ಟು ಡಿಲೀಟ್ ಮಾಡಿ ಮತ್ತೆ ಇಳಿಸಬೇಡಿ.

ನಮ್ಮ ತಾಳಮದ್ದಲೆ ವಾಟ್ಸಾಪ್ ಗುಂಪಿನಲ್ಲಿ ಬೆಳಗ್ಗಿನಿಂದ ಇದೇ ಗಲಾಟೆ. ಯಾರೋ ಪುಣ್ಯಾತ್ಮರು ಹಳೆಯ ಕೂಟವೊಂದರ ಆಡಿಯೋ ಲಿಂಕ್ ಹಾಕಿದರು. ಮೂರು ಗಂಟೆಯ ಎಂಪಿ3. ಕುಶಾಲನಗರದವರ ಫೋನಿನಲ್ಲಿ ಮೂರು ಗಂಟೆ ಅಂತಲೇ ತೋರಿಸುತ್ತಿದೆ. ವಿರಾಜಪೇಟೆಯವರ ಫೋನಿನಲ್ಲಿ ಆರು ಗಂಟೆ! ಒಬ್ಬರು 'ಕರಪ್ಟ್ ಆಗಿದೆ, ಮತ್ತೆ ಕಳಿಸಿ' ಅಂದರು. ಇನ್ನೊಬ್ಬರು 'ವೈರಸ್ ಇರಬಹುದು' ಅಂದರು. ವೈರಸ್ ಅಂತೆ. ಬಂದ ವೈರಸ್‌ಗೆ ಅರ್ಥಗಾರಿಕೆ ಕೇಳುವ ತಾಳ್ಮೆ ಇರಬೇಕಲ್ವಾ?

ಸಂಪಾಜೆ ಕಡೆಯ ನಮ್ಮ ಭಾವ ಇದನ್ನು ನಂಬಿ ಇಳಿಸುವುದು, ಅಳಿಸುವುದು, ಮತ್ತೆ ಇಳಿಸುವುದು. 86 ಎಂಬಿ. ಈ ಆಟಿ ಮಳೆಯಲ್ಲಿ! ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಮನೆಯೊಳಗೆ ಸಿಗ್ನಲ್ ಇಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಫೋನ್ ಎತ್ತಿ ಹಿಡಿದು ನಿಲ್ಲಬೇಕು. ಸರಿ ಇರುವ ಫೈಲಿಗಾಗಿ ಇಷ್ಟು ಪಾಡು. ಅದಕ್ಕೇ ನನಗೆ ಸಿಟ್ಟು.

ಆಗಿರುವುದು ಇಷ್ಟೇ. ಎಂಪಿ3ಯ ಮೂಲ ಮಾನದಂಡ 1993ರದ್ದು. 'ಈ ಫೈಲ್ ಒಟ್ಟು ಇಷ್ಟು ಹೊತ್ತು' ಅಂತ ಬರೆದಿಡುವ ಜಾಗವೇ ಅದರಲ್ಲಿ ಇಲ್ಲ. ಎಂಪಿ3 ಅಂದರೆ ಸಣ್ಣ ಸಣ್ಣ ಫ್ರೇಮುಗಳ ಸಾಲು. ಒಂದೊಂದು ಫ್ರೇಮಿನಲ್ಲಿ 1152 ಸ್ಯಾಂಪಲ್ (ಸದ್ದಿನ ಅಳತೆ), ಸುಮಾರು 26 ಮಿಲಿಸೆಕೆಂಡಿನ ಸದ್ದು. ಎಲ್ಲವನ್ನೂ ಎಣಿಸಿದರೆ ನಿಜವಾದ ಉದ್ದ ಗೊತ್ತಾಗುತ್ತದೆ. ಆದರೆ ಎಷ್ಟೋ ಪ್ಲೇಯರ್‌ಗಳು ಎಣಿಸುವುದಿಲ್ಲ. ಮೊದಲ ಫ್ರೇಮಿನ ಬಿಟ್‌ರೇಟ್ (ಒಂದು ಸೆಕೆಂಡಿನ ಸದ್ದಿಗೆ ಎಷ್ಟು ಡೇಟಾ ಅನ್ನುವುದು) ನೋಡುತ್ತವೆ, ಫೈಲಿನ ಗಾತ್ರವನ್ನು ಅದರಿಂದ ಭಾಗಿಸುತ್ತವೆ, ಉತ್ತರ ಹೇಳಿಬಿಡುತ್ತವೆ. ಗೇಟಿನ ಪಕ್ಕದ ಒಂದು ಕಾಫಿ ಗಿಡ ನೋಡಿ ಇಡೀ ತೋಟದ ಫಸಲು ಹೇಳಿದ ಹಾಗೆ.

ಬಿಟ್‌ರೇಟ್ ಉದ್ದಕ್ಕೂ ಒಂದೇ ಇದ್ದರೆ ಈ ಲೆಕ್ಕ ಸರಿಯೇ. ವಿಬಿಆರ್, ಅಂದರೆ ಬದಲಾಗುವ ಬಿಟ್‌ರೇಟಿನ ಫೈಲಿನಲ್ಲಿ ಅದು ಏರಿಳಿಯುತ್ತಾ ಇರುತ್ತದೆ. ಸದ್ದು ಜಾಸ್ತಿ ಇದ್ದಲ್ಲಿ ಜಾಸ್ತಿ, ಏನೂ ಇಲ್ಲದಲ್ಲಿ ಕಮ್ಮಿ. ನಮ್ಮ ಈ ಫೈಲಿನ ಸರಾಸರಿ 64 ಕೆಬಿಪಿಎಸ್ (ಸೆಕೆಂಡಿಗೆ 64 ಸಾವಿರ ಬಿಟ್; ಎಂಟು ಬಿಟ್ಟಿಗೆ ಒಂದು ಬೈಟ್). ಅಂದರೆ ಸೆಕೆಂಡಿಗೆ 8,000 ಬೈಟ್, ಮೂರು ಗಂಟೆಗೆ 86 ಎಂಬಿ ಚಿಲ್ಲರೆ. ಶುರುವಿನಲ್ಲಿ ಮಾತ್ರ ಭಾಗವತರು ಇನ್ನೂ ಬಾಯಿ ತೆರೆದಿಲ್ಲ, ಬರೀ ನಿಶ್ಶಬ್ದ. ಆ ಫ್ರೇಮ್ 32 ಕೆಬಿಪಿಎಸ್‌ನದ್ದು. ಪ್ಲೇಯರ್ 86 ಎಂಬಿಯನ್ನು 32ರ ಲೆಕ್ಕದಲ್ಲಿ ಹಂಚಿತು, ಮೂರು ಗಂಟೆ ಆರಾಯಿತು. ಅದೇ ಕೂಟ ಚೆಂಡೆಯ ಅಬ್ಬರದಲ್ಲಿ, 128ರ ಫ್ರೇಮಿನಿಂದ ಶುರುವಾಗಿದ್ದರೆ ಒಂದೂವರೆ ಗಂಟೆ ಅನ್ನುತ್ತಿತ್ತು.

ಅಂದಾಜು ಮಾಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅಂದಾಜನ್ನು 6:00:03 ಅಂತ ಸೆಕೆಂಡಿನ ಸಮೇತ ತೋರಿಸುತ್ತದಲ್ಲ, ಆ ಧೈರ್ಯಕ್ಕೆ ಏನೆನ್ನಬೇಕು? 'ಸುಮಾರು' ಅಂತ ಒಂದು ಮಾತು ಸೇರಿಸಿದರೆ ಇವರ ಗಂಟೇನು ಹೋಗುತ್ತದೆ? ಎಫ್‌ಎಫ್‌ಎಂಪೆಗ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ನೋಡಿ. ಕಪ್ಪು ಪರದೆ, ಚಂದವಿಲ್ಲ ಚಾರವಿಲ್ಲ. ಆದರೂ ಇಂಥ ಫೈಲ್ ಕೊಟ್ಟರೆ, ಬಿಟ್‌ರೇಟಿನಿಂದ ಅಂದಾಜು ಮಾಡುತ್ತಿದ್ದೇನೆ, ತಪ್ಪಿರಬಹುದು ಅಂತ ಮೊದಲೇ ಎಚ್ಚರಿಸುತ್ತದೆ. ಬಣ್ಣಬಣ್ಣದ ಆ್ಯಪ್‌ಗಳಿಗೆ ಈ ಮರ್ಯಾದೆ ಇಲ್ಲ.

ಇದರಿಂದ ಜಗಳ ಬೇರೆ. '2 ಗಂಟೆ 10 ನಿಮಿಷಕ್ಕೆ ಕೃಷ್ಣನ ಮಾತು ಕೇಳಿ, ಅದ್ಭುತ' ಅಂತ ವಿರಾಜಪೇಟೆಯವರು ಬರೆದರು. ಮಡಿಕೇರಿಯವರು ಅಲ್ಲಿಗೆ ಎಳೆದು ನೋಡಿದರೆ ಕೌರವ ಗುಡುಗುತ್ತಿದ್ದಾನೆ. ಆರು ಗಂಟೆ ತೋರಿಸುವ ಫೋನಿನಲ್ಲಿ ಗೆರೆ ಎಳೆದು ಹೋದವರ 2 ಗಂಟೆ 10 ನಿಮಿಷ ಅಂದರೆ ನಮ್ಮ 1 ಗಂಟೆ 5 ನಿಮಿಷದ ಆಸುಪಾಸು. ಇಬ್ಬರೂ ಸುಳ್ಳು ಹೇಳಲಿಲ್ಲ. ಆದರೂ 'ನಿಮಗೆ ಅರ್ಥಗಾರಿಕೆ ಕೇಳಲು ಬರುವುದಿಲ್ಲ' ಅನ್ನುವಲ್ಲಿಗೆ ಮುಟ್ಟಿತು ಮಾತು. ಒಬ್ಬರು ಗುಂಪನ್ನೇ ಬಿಟ್ಟರು.

ನನ್ನ ಅಣ್ಣನ ಮಗ ಬೆಂಗಳೂರಿನಲ್ಲಿ ಇಂಥ ಸಾಫ್ಟ್‌ವೇರ್ ಕೆಲಸದಲ್ಲೇ ಇದ್ದಾನೆ. ಪೂರ್ತಿ ಫೈಲ್ ಎಣಿಸುವುದು ಪ್ರೊಸೆಸರಿಗೆ ಹೊರೆ, ಅದಕ್ಕೇ ಅಂದಾಜು ಅನ್ನುತ್ತಾನೆ. ಹೌದಪ್ಪ, ಅಂಗೈಯಗಲದ ಎಂಪಿ3 ಪ್ಲೇಯರ್ ಕಾಲದಲ್ಲಿ ಹೊರೆಯೇ. ಮುಖ ನೋಡಿ ಬೀಗ ತೆಗೆಯುವ ಫೋನಿಗೆ 86 ಎಂಬಿ ಎಣಿಸುವುದು ಯಾವ ದೊಡ್ಡ ಹೊರೆ? ಕೊನೆಗೆ 'ಚಿಕ್ಕಪ್ಪ, ಸುಮ್ನೆ ಕೇಳಿ, ಉದ್ದ ಎಷ್ಟಾದರೇನು' ಅಂದ. ನನಗೆ ಆಗುವುದಿಲ್ಲ ಕಣಪ್ಪ. ಎಷ್ಟು ಬಾಕಿ ಇದೆ ಅಂತ ಗೊತ್ತಿಲ್ಲದೆ ನನಗೆ ಏನನ್ನೂ ಕೇಳಲಾಗದು. ಪುಸ್ತಕವನ್ನೂ ಕೊನೆಯ ಪುಟದ ನಂಬರ್ ನೋಡಿಯೇ ಶುರು ಮಾಡುವವನು ನಾನು. ಕೆಟ್ಟ ಚಾಳಿ ಅಂತ ಹೆಂಡತಿಯೂ ಹೇಳುತ್ತಾಳೆ.

ಇದಕ್ಕೆ ಮದ್ದು ಬಂದು ಎಷ್ಟೋ ಕಾಲವಾಯಿತು. ಝಿಂಗ್ ಅನ್ನುವ ಕಂಪನಿಯವರು ಮೊದಲ ಫ್ರೇಮಿನೊಳಗೆ ಒಂದು ಹೆಡರ್ (ಫೈಲಿನ ವಿವರದ ಚೀಟಿ) ಇಡುವ ದಾರಿ ಮಾಡಿದರು. ಒಟ್ಟು ಫ್ರೇಮ್ ಎಷ್ಟು, ಎಷ್ಟನೇ ಶೇಕಡಾ ಫೈಲಿನ ಎಲ್ಲಿ ಬರುತ್ತದೆ ಅನ್ನುವುದು ಅದರಲ್ಲಿ ಇರುತ್ತದೆ. ಅದು ಇದ್ದರೆ ಪ್ಲೇಯರ್ ಎಣಿಸಬೇಕಾಗಿಲ್ಲ. ನಮ್ಮ ಫೈಲಿನಲ್ಲಿ ಅದೇ ಇಲ್ಲ. ಕಂಪ್ಯೂಟರ್ ಇರುವವರು ಫೂಬಾರ್2000 ಅನ್ನುವ ಪ್ಲೇಯರಿನ ಯುಟಿಲಿಟೀಸ್ ಮೆನುವಿನಲ್ಲಿ ವಿಬಿಆರ್ ಹೆಡರ್ ಸರಿ ಮಾಡುವ ಆಯ್ಕೆ ಒತ್ತಿ. ಅಥವಾ ಎಫ್‌ಎಫ್‌ಎಂಪೆಗ್‌ಗೆ ಫೈಲ್ ಕೊಟ್ಟು, ಕೋಡೆಕ್ (ಸದ್ದನ್ನು ಕುಗ್ಗಿಸುವ ವಿಧಾನ) 'ಕಾಪಿ' ಅಂತ ಹೇಳಿ, ಬೇರೆ ಹೆಸರಿನಲ್ಲಿ ಬರೆಸಿ. ಸದ್ದನ್ನು ಮುಟ್ಟುವುದಿಲ್ಲ, ಹೆಡರ್ ಮಾತ್ರ ಹೊಸದು. ಯಾವುದೋ ಆನ್‌ಲೈನ್ ಕನ್ವರ್ಟರಿಗೆ ಹಾಕಬೇಡಿ. 86 ಎಂಬಿ ಮೇಲಕ್ಕೂ ಹೋಗಬೇಕು, ಕೆಳಕ್ಕೂ ಬರಬೇಕು, ಮೇಲಿಂದ ಸದ್ದೂ ಕೆಡುತ್ತದೆ.

ನಿಜವಾಗಿ ಮತ್ತೆ ಇಳಿಸಬೇಕಾದ್ದು ಅರ್ಧಕ್ಕೆ ನಿಂತ ಫೈಲನ್ನು ಮಾತ್ರ. ಅದನ್ನು ಗಂಟೆ ನೋಡಿ ಹೇಳಬೇಡಿ, ಗಾತ್ರ ನೋಡಿ. ಲಿಂಕಿನಲ್ಲಿ 86 ಇದ್ದು ನಿಮ್ಮಲ್ಲಿ 50 ಇದ್ದರೆ ಅರ್ಧ ಬಂದಿದೆ, ಅಷ್ಟೇ. ಒಳ್ಳೆಯ ಹೆಡರ್ ಇರುವ ಫೈಲ್ ಅರ್ಧ ಬಂದರೂ ಮೂರು ಗಂಟೆ ಅಂತಲೇ ತೋರಿಸಬಹುದು. ಸರಿಯಾದ ಗಂಟೆ, ಹಾಳು ಫೈಲ್!

ಕೊನೆಯ ಮಾತು, ಕ್ಯಾಸೆಟ್ಟಿನ ನಾಲ್ಕು ಭಾಗಗಳನ್ನು ಸುಮ್ಮನೆ ಒಂದರ ಹಿಂದೆ ಒಂದು ಅಂಟಿಸಿ ಹಂಚುವ ಮಹನೀಯರಿಗೆ. ಮೊದಲ ಭಾಗದ ಹೆಡರ್ 45 ನಿಮಿಷ ಅಂದರೆ ಪ್ಲೇಯರ್ ಇಡೀ ಫೈಲಿಗೇ 45 ನಿಮಿಷ ಅಂತ ತೋರಿಸುತ್ತದೆ. ಕೆಲವು ಅಲ್ಲಿಗೇ ನಿಲ್ಲುತ್ತವೆ. ಹಾಕುವ ಮೊದಲು ಹೆಡರ್ ಹೊಸದಾಗಿ ಬರೆಸಿ ಹಾಕಿ. ನಿಮ್ಮ ಕಡೆ ಕೆಲವು ಸೆಕೆಂಡಿನ ಕೆಲಸ. ಅದೂ ಆಗದಿದ್ದರೆ ನಾಲ್ಕು ಭಾಗವನ್ನು ನಾಲ್ಕಾಗಿಯೇ ಹಾಕಿ. ಅಂಟಿಸಿ ಕೊಡಿ ಅಂತ ನಿಮ್ಮನ್ನು ಯಾರೂ ಕೇಳಿಲ್ಲ.