ಬಾಣಂತಿ ಕೋಣೆ ಮತ್ತು ದೇವರ ಕೋಣೆ

ಅಕ್ಕನಿಗೆ ಹೆರಿಗೆಯಾಗಿ ಈ ತಿಂಗಳಿಗೆ 9 ವರ್ಷ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಬರಿ, ಯಾರಿಗಾದ್ರೂ ಬೇಕಾಗತ್ತೆ" ಅಂದಳು.

ಮಗು ಚೆನ್ನಾಗಿತ್ತು. ಅಕ್ಕ ಚೆನ್ನಾಗಿರಲಿಲ್ಲ. ಮಗುವನ್ನು ಪಕ್ಕಕ್ಕೆ ಮಲಗಿಸಿದರೆ ಗೋಡೆ ಕಡೆ ತಿರುಗುತ್ತಿದ್ದಳು. ಮಗು ಮಲಗಿದರೂ ಅವಳಿಗೆ ನಿದ್ದೆಯಿಲ್ಲ. ಹೆರಿಗೆಯಾದ ಮೊದಲ ಕೆಲವು ದಿನ ಅಳು ಬರುವುದು ಎಷ್ಟೋ ಬಾಣಂತಿಯರಿಗೆ ಸಹಜ, ತಾನಾಗಿ ಹೋಗುತ್ತದೆ. 2 ವಾರ ದಾಟಿದರೂ ಹೋಗದಿದ್ದರೆ ಅದು ಖಿನ್ನತೆ ಇರಬಹುದು ಅನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ದೃಷ್ಟಿ, ಸೋಂಕು, ದೋಷ. ದೃಷ್ಟಿ ತೆಗೆದದ್ದಾಯಿತು, ತಾಯತ ಕಟ್ಟಿದ್ದಾಯಿತು, ನಿಮಿತ್ತ ಕೇಳಿಸಿದ್ದಾಯಿತು. ಹಳೇ ಹರಕೆ ಬಾಕಿ ಇದೆ ಅಂತ ಬಂತು. ಇವು ಯಾವುದರ ಮೇಲೂ ನನಗೆ ಸಿಟ್ಟಿಲ್ಲ. ಹೆದರಿದ ಮನೆಯವರು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾರೆ. ಸಿಟ್ಟಿರುವುದು ನೋಡಲು ಬಂದವರು ಆಡಿದ ಒಂದು ಮಾತಿನ ಮೇಲೆ: "ಎಷ್ಟೋ ಜನ ಮಕ್ಕಳಿಲ್ಲ ಅಂತ ಕಂಡ ದೇವ್ರಿಗೆಲ್ಲ ಕೈ ಮುಗೀತಾರೆ. ನಿಂಗೆ ಕೊಟ್ಟಿದಾನೆ. ಹೀಗೆ ಅತ್ರೆ ದೇವ್ರು ಮೆಚ್ತಾನಾ?"

ಅಕ್ಕ ಐದನೇ ಕ್ಲಾಸಿನಿಂದ ಸಂಜೆ ದೀಪ ಹಚ್ಚಿ ಹತ್ತು ನಿಮಿಷ ಕೂರುತ್ತಿದ್ದವಳು. ಪರೀಕ್ಷೆ, ಅಪ್ಪನ ಆಪರೇಷನ್, ಕೆಲಸ ಹೋದ ವರ್ಷ, ಎಲ್ಲವನ್ನೂ ಆ ಹತ್ತು ನಿಮಿಷ ಹಿಡಿದುಕೊಂಡೇ ದಾಟಿದವಳು. ಅದಕ್ಕೇ ಆ ಮಾತು ನಾಟಿತು. ದೇವರಿಗೆ ತನ್ನ ಮೇಲೆ ಬೇಸರವಾಗಿದೆ ಅಂತ ನಂಬಿಬಿಟ್ಟಳು. ಭಕ್ತಿ ಇಲ್ಲದವಳಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ. ಮೇಲಿಂದ ಪುರುಡು. ಹತ್ತು ದಿನ ದೇವರ ಕೋಣೆಗೆ ಹೋಗುವಂತಿಲ್ಲ, ನಲವತ್ತು ದಿನ ದೇವಸ್ಥಾನಕ್ಕಿಲ್ಲ. ಬಾಣಂತಿಗೆ ವಿಶ್ರಾಂತಿ ಸಿಗಲಿ ಅಂತ ಹಿರಿಯರು ಮಾಡಿದ್ದಿರಬಹುದು. ಅಕ್ಕನಿಗೆ ಮಾತ್ರ ಆ ಮುಚ್ಚಿದ ಬಾಗಿಲು ದೇವರೇ ಹಾಕಿಕೊಂಡ ಹಾಗೆ ಕಂಡಿತು. ಆ ಹತ್ತು ನಿಮಿಷ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದ ದಿನಗಳಲ್ಲೇ ನಾವು ಅದನ್ನು ಕಿತ್ತುಕೊಂಡಿದ್ದೆವು.

ದೊಡ್ಡಮ್ಮ ಬಂದಿದ್ದು ಆರನೇ ದಿನ. ನಮ್ಮ ಬಳಗದಲ್ಲೇ ಅತಿ ಮಡಿಯವರು. ಬಾಣಂತಿಯನ್ನು ಮುಟ್ಟಿದರೆ ಸ್ನಾನ ಮಾಡಬೇಕು. ದಿನಕ್ಕೆ ಮೂರು ಸಲ ಸ್ನಾನ ಮಾಡಿದರು, ಮುಟ್ಟುವುದನ್ನು ಬಿಡಲಿಲ್ಲ. ಮಗುವನ್ನು ಕಾಲ ಮೇಲೆ ಹಾಕಿಕೊಂಡು, ಅಕ್ಕನ ತಲೆ ಸವರುತ್ತಾ, ಸಣ್ಣ ದನಿಯಲ್ಲಿ ದೇವರನಾಮ ಹೇಳಿಕೊಳ್ಳುತ್ತಿದ್ದರು. "ನಿಂಗೆ ಹೇಳೋಕಾಗದಿದ್ರೆ ಬಿಡು ಪುಟ್ಟಿ, ನಿನ್ನ ಪಾಲಿಂದೂ ನಾನೇ ಹೇಳ್ತೀನಿ" ಅಂದರು. ಮೂರನೇ ವಾರ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದವರೂ ಅವರೇ: "ಹರಕೆ ನಾನು ತೀರಿಸ್ತೀನಿ. ನೀವು ಇವಳನ್ನ ಡಾಕ್ಟ್ರ ಹತ್ರ ಕರ್ಕೊಂಡ್ಹೋಗಿ."

ಡಾಕ್ಟರು 10 ಪ್ರಶ್ನೆಗಳ ಕನ್ನಡದ ಹಾಳೆ ಕೊಟ್ಟರು. ಎಡಿನ್‌ಬರೋ ಮಾಪಕ ಅನ್ನುತ್ತಾರೆ, ಬಾಣಂತಿಯರ ಖಿನ್ನತೆ ಗುರುತಿಸಲು 1987ರಿಂದ ಇದೆ. ಕಳೆದ 7 ದಿನ ಹೇಗಿತ್ತು ಅಂತ ಕೇಳುತ್ತದೆ. ಏನಾದರೂ ತಪ್ಪಾದಾಗ ಕಾರಣವಿಲ್ಲದೆ ನಿಮ್ಮನ್ನೇ ದೂರಿಕೊಂಡಿದ್ದೀರಾ ಅಂತ ಅದರಲ್ಲೊಂದು ಪ್ರಶ್ನೆ. ಅಕ್ಕ ಅಲ್ಲಿಗೆ ಬಂದು ನಿಂತುಬಿಟ್ಟಳು.

ಆಮೇಲೆ ನಾನು ಇದರ ಬಗ್ಗೆ ತುಂಬ ಓದಿದೆ. ತಮಿಳುನಾಡಿನ ಹಳ್ಳಿಯೊಂದರ ಗುಡಿಗೆ ಮಾನಸಿಕ ಕಾಯಿಲೆಯವರನ್ನು ಕರೆತಂದು ಇಟ್ಟುಕೊಳ್ಳುವ ರೂಢಿ. ನಿಮ್ಹಾನ್ಸ್‌ನವರೂ ಇದ್ದ ತಂಡ ಅಲ್ಲಿದ್ದ 31 ಜನರನ್ನು ಗಮನಿಸಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆಯಿತು. ಮಾತ್ರೆ ಇಲ್ಲ, ದೊಡ್ಡ ವಿಧಿಯೂ ಇಲ್ಲ. ಬೆಳಿಗ್ಗೆ ಪೂಜೆ, ಅಂಗಳ ಗುಡಿಸುವುದು, ಗಿಡಕ್ಕೆ ನೀರು, ಜೊತೆಗೆ ಮನೆಯವರೊಬ್ಬರು. ರೋಗಲಕ್ಷಣದ ಅಂಕ ಸುಮಾರು ಶೇ. 20ರಷ್ಟು ಇಳಿದಿತ್ತು. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದಿಂದ ಗುಣವಾಗಲಿ ಅಂತ ತಂದು ಬಿಟ್ಟಿದ್ದವರನ್ನು ಸರಪಳಿಯಲ್ಲಿ ಕಟ್ಟಿದ್ದ ಮನೆಯೊಂದಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿತ್ತು. 28 ಜನ ತೀರಿಕೊಂಡರು. ನಂಬಿಕೆ ಎರಡೂ ಕಡೆ ಇತ್ತು. ಒಂದು ಕಡೆ ಮನೆಯವರು ಜೊತೆಗೆ ಉಳಿದಿದ್ದರು, ಇನ್ನೊಂದು ಕಡೆ ಬಿಟ್ಟು ಹೋಗಿದ್ದರು. ಇದನ್ನು ಓದುವಾಗೆಲ್ಲ ನನಗೆ ದೊಡ್ಡಮ್ಮನ ಒದ್ದೆ ಸೀರೆ ನೆನಪಾಗುತ್ತದೆ.

ಅಕ್ಕ ಎಂಟು ತಿಂಗಳು ಮಾತ್ರೆ ತೆಗೆದುಕೊಂಡಳು. ದೊಡ್ಡಮ್ಮ ಹರಕೆ ತೀರಿಸಲು ಅವಳು ಗುಣವಾಗುವವರೆಗೆ ಕಾಯಲಿಲ್ಲ, ಮಾತ್ರೆ ಶುರುವಾದ ವಾರವೇ ಹೋಗಿ ತೀರಿಸಿ ಬಂದರು.

ನಿಮ್ಮ ಮನೆಯಲ್ಲಿ ಈಗ ಬಾಣಂತಿ ಇದ್ದರೆ, ಅವಳು ಸುಮ್ಮನೆ ಗೋಡೆ ನೋಡುತ್ತಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವಳೇ ಮಾಡಬೇಕಂತಿಲ್ಲ, ಪಕ್ಕದಲ್ಲಿ ಕೂತಿರುವವರು ಮಾಡಿದರೂ ನಡೆಯುತ್ತದೆ.